ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೆ ಅಂದಾಜು ತಪ್ಪುವುದು: ಮೆಟ್ಟುಗತ್ತಿ, ಸಂಕ, ಕನ್ನಡಕ

ಅಣ್ಣ, ಅಪ್ಪಯ್ಯನಿಗೆ ಬಲಗಣ್ಣಿನ ಪೊರೆ ಆಪರೇಷನ್ ಆಗಿ ಮೂರು ವಾರ. ದೂರದ ಗೊನೆ ಚೊಕ್ಕ ಕಾಣುತ್ತದೆ, ಆದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೊನೆಗೆ ಅಡಿಕೆ ಸಿಗುವುದಿಲ್ಲ, ಸಂಕದ (ಹಳ್ಳ ದಾಟುವ ಕಾಲುಸೇತುವೆಯ) ಮೇಲೆ ಹೆಜ್ಜೆ ತಪ್ಪುತ್ತದೆ, ಚಾ ಲೋಟದ ಹೊರಗೆ ಬೀಳುತ್ತದೆ ಎಂದಿದ್ದೀರಿ. ಆಪರೇಷನ್ ಕೆಟ್ಟಿತಾ ಎಂಬ ಭಯ ನಿಮ್ಮದು. ಹೆಚ್ಚಾಗಿ ಅದು ಕಾರಣ ಅಲ್ಲ. ಹಾಗಂತ ಕೆಲವರು ಹೇಳುವ ಹಾಗೆ ‘ರೂಢಿಯಾಗುತ್ತೆ ಬಿಡಿ’ ಎಂದು ಅವರನ್ನು ಸುಲಿಯಲು ಕೂರಿಸಬೇಡಿ. ಮೊನೆಯ ಪಕ್ಕದಲ್ಲೇ ಬೆರಳಿರುತ್ತದೆ.

ಸ್ಪಷ್ಟ ಕಾಣುವುದು ಬೇರೆ, ದೂರದ ಅಂದಾಜು ಸಿಗುವುದು ಬೇರೆ. ಎರಡು ಕಣ್ಣಿನ ನಡುವೆ ಸುಮಾರು 6 ಸೆಂ.ಮೀ. ಅಂತರ ಇರುವುದರಿಂದ ಒಂದೊಂದಕ್ಕೂ ಚಿತ್ರ ಕೊಂಚ ಬೇರೆ ಬೀಳುತ್ತದೆ. ಮಿದುಳು ಎರಡನ್ನೂ ಹೊಂದಿಸಿ ಆಳ ಲೆಕ್ಕ ಹಾಕುತ್ತದೆ. ಈಗ ಬಲಗಣ್ಣಿನದು ಹೊಳಪು, ಎಡಗಣ್ಣಿನದು ಮಂಜು, ಹೊಂದಾಣಿಕೆ ಆಗುತ್ತಿಲ್ಲ. ಹಳೇ ಕನ್ನಡಕವನ್ನೇ ಹಾಕುತ್ತಿದ್ದರೆ ಇನ್ನೂ ಕಷ್ಟ, ಏಕೆಂದರೆ ಅದರ ಬಲಗಡೆ ಗಾಜು ಈಗ ಪೂರ್ತಿ ತಪ್ಪು ಪವರ್. ಮೊದಲು ಇದನ್ನು ನೋಡಿ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಬಹುದು, ಕತ್ತಿಯ ಹತ್ತಿರ ಮಾತ್ರ ಬೇಡ. ನೀವು ಒಂದು ಪೆನ್ನನ್ನು ನೆಟ್ಟಗೆ ಹಿಡಿಯಿರಿ, ಅವರು ಇನ್ನೊಂದು ಪೆನ್ನಿನ ತುದಿಯನ್ನು ಮೇಲಿನಿಂದ ತಂದು ಮುಟ್ಟಿಸಲಿ. ಎರಡೂ ಕಣ್ಣು ತೆರೆದು ಹತ್ತು ಸಲ, ಒಂದು ಮುಚ್ಚಿ ಹತ್ತು ಸಲ. ಎರಡರಲ್ಲೂ ಒಂದೇ ರೀತಿ ತಪ್ಪಿದರೆ ಕಣ್ಣುಗಳು ಜೊತೆಯಾಗಿ ಕೆಲಸ ಮಾಡುತ್ತಿಲ್ಲ ಎಂದರ್ಥ.

ಎರಡನೆಯದಕ್ಕೆ ಒಂದು ಅಡಿಕೆಗೆ ದಾರ ಕಟ್ಟಿ ಜಂತಿಗೆ ತೂಗುಹಾಕಿ, ಅವರಿಂದ ಒಂದೂವರೆ ಮೀಟರ್ ದೂರದಲ್ಲಿ ಎಡಕ್ಕೆ ಬಲಕ್ಕೆ ನೇರ ತೂಗಿ. ನಿಮಗೆ ನೇರ ಕಾಣುವ ತೂಗಾಟ ಅವರಿಗೆ ಮೊಟ್ಟೆಯಾಕಾರದಲ್ಲಿ ಸುತ್ತಿದಂತೆ, ಒಮ್ಮೆ ಹತ್ತಿರ ಒಮ್ಮೆ ದೂರ ಕಾಣಬಹುದು. ಮಂಜಾದ ಕಣ್ಣಿನ ಸುದ್ದಿ ಮಿದುಳಿಗೆ ಕ್ಷಣದ ಒಂದಂಶ ತಡವಾಗಿ ಮುಟ್ಟುವುದೇ ಕಾರಣ. 1922ರಲ್ಲಿ ಇದನ್ನು ವಿವರಿಸಿದವರು ಜರ್ಮನಿಯ ವಿಜ್ಞಾನಿ ಕಾರ್ಲ್ ಪುಲ್ಫ್ರಿಚ್. ಪುಲ್ಫ್ರಿಚ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದ ಸ್ವತಃ ನೋಡಲು ಆಗಲೇ ಇಲ್ಲ. ನಿಮಗೂ ಅನುಮಾನವಿದ್ದರೆ ಒಂದು ಕಣ್ಣಿಗೆ ಕಪ್ಪು ಗಾಜು ಹಿಡಿದು ನೋಡಿ, ತಿಳಿಯುತ್ತದೆ. ಅಪ್ಪಯ್ಯನಿಗೆ ಹೀಗೆ ಕಂಡರೆ ಎದುರು ಬರುವ ಬೈಕು, ಓಲಾಡುವ ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ಎಲ್ಲವೂ ಇರುವ ಜಾಗ ಬಿಟ್ಟು ಕಾಣುತ್ತವೆ. ಸ್ಕೂಟರ್ ಕೀಲಿ ಎತ್ತಿಡಿ.

ಮೂರನೆಯದು, ಒಂದೊಂದೇ ಕಣ್ಣಿನಲ್ಲಿ ಕಿಟಕಿ ಸರಳು ನೋಡಿಸಿ. ಸರಳು ಡೊಂಕಾಗಿ, ಅಲೆಅಲೆಯಾಗಿ ಕಂಡರೆ ಅಕ್ಷಿಪಟಲದ (ಕಣ್ಣಿನ ಒಳಗೆ ಹಿಂಬದಿಯ ಪರದೆಯ) ನಡುಭಾಗದಲ್ಲಿ ಊತ ಇರಬಹುದು; ಮುಂದಿನ ತಪಾಸಣೆವರೆಗೆ ಕಾಯದೆ ಒಂದೆರಡು ದಿನದೊಳಗೆ ತೋರಿಸಿ.

ಆದರೆ ನೋವು, ಕೆಂಪು, ದೃಷ್ಟಿ ಕುಗ್ಗುವುದು, ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕೆಗಳ ಹಿಂಡು, ಒಂದು ಕಡೆಯಿಂದ ಪರದೆ ಬಿದ್ದಂತೆ ಕಾಣುವುದು – ಇವುಗಳಲ್ಲಿ ಯಾವುದಾದರೂ ಆದರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೊರಡಬೇಕು. ಇದ್ದಕ್ಕಿದ್ದಂತೆ ಎರಡೆರಡು ಕಂಡು ಜೊತೆಗೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಕಣ್ಣಿನದ್ದಲ್ಲ, ಪಾರ್ಶ್ವವಾಯು ಇರಬಹುದು, ತಕ್ಷಣ 108.

ಇನ್ನು ಕನ್ನಡಕ. ಸಾಮಾನ್ಯವಾಗಿ 4ರಿಂದ 6 ವಾರ ಕಳೆದು ಪವರ್ ನಿಂತ ಮೇಲೆ ಬರೆದುಕೊಡುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಹತೋಟಿಗೆ ಬಂದಿರಬೇಕು, ಇಲ್ಲದಿದ್ದರೆ ಎಡಗಣ್ಣಿನ ಪವರ್ ಆಚೀಚೆ ಆಗುತ್ತಿರುತ್ತದೆ. ಎರಡು ಕಣ್ಣಿನ ಪವರ್ ವ್ಯತ್ಯಾಸ ಸುಮಾರು 3 ದಾಟಿದರೆ ಕನ್ನಡಕದಿಂದ ಸರಿಹೋಗುವುದು ಕಷ್ಟ. ಒಂದು ಚಿತ್ರ ದೊಡ್ಡದು ಒಂದು ಚಿಕ್ಕದಾಗಿ ಕೂಡುವುದೇ ಇಲ್ಲ. ಆಗ ಉಳಿಯುವುದು ಕಾಂಟ್ಯಾಕ್ಟ್ ಲೆನ್ಸ್, ಇಲ್ಲವೇ ಎಡಗಣ್ಣಿನ ಆಪರೇಷನ್ ಬೇಗ ಮಾಡಿಸುವುದು. ತೋಟದ ಧೂಳು, ಔಷಧಿ ಸಿಂಪಡಣೆ ನೋಡಿದರೆ ನನ್ನ ಮತ ಎರಡನೆಯದಕ್ಕೆ. ಎಡಗಣ್ಣಿನ ಪವರ್ ಎಷ್ಟು, ಯಾವಾಗ ಮಾಡಬಹುದು ಎಂದು ಡಾಕ್ಟರ ಹತ್ತಿರ ನೇರವಾಗಿ ಕೇಳಿ.

ಒಳಗೆ ಕೂರಿಸುವ ಲೆನ್ಸು ಹೆಚ್ಚಿನವರಿಗೆ ದೂರಕ್ಕೆ ಹೊಂದಿಸಿದ್ದು. ಕೈಯಳತೆಗೆ ಕನ್ನಡಕ ಬೇಕೇ ಬೇಕು. ಇಲ್ಲೇ ಎಡವುವುದು. ಓದುವ ಗಾಜು 40 ಸೆಂ.ಮೀ.ಗೆ ಮಾಡಿದ್ದು, ಪವರ್ ಸುಮಾರು +2.5. ಸುಲಿಯಲು ಕೂತಾಗ ಮೂಗಿನ ಬುಡದಿಂದ ಮೊನೆಗೆ ಟೇಪು ಹಿಡಿದು ಅಳೆಯಿರಿ. 60 ಸೆಂ.ಮೀ. ಬಂದರೆ ಬೇಕಾದದ್ದು +1.75ರ ಆಸುಪಾಸು. ಆ ಅಳತೆಯನ್ನು ಚೀಟಿಯಲ್ಲಿ ಬರೆದು ಪರೀಕ್ಷೆ ಮಾಡುವವರ ಕೈಗೆ ಕೊಡಿ. ನಡೆಯಲು ದೂರದ ಪವರ್ ಮಾತ್ರ ಇರುವ ಇನ್ನೊಂದು ಜೋಡಿ ಇರಲಿ. ಬೈಫೋಕಲ್ ಹಾಕಿ ಸಂಕ ದಾಟಿದರೆ ಕಾಲಿಡುವ ಜಾಗ ಕೆಳಗಿನ ಓದುವ ಗಾಜಿನಲ್ಲಿ ಮಸುಕಾಗಿ, ಜಾಗ ಸರಿದಂತೆ ಕಾಣುತ್ತದೆ.

ಅಲ್ಲಿಯವರೆಗೆ ಸಂಕಕ್ಕೆ ಒಂದು ಬದಿ ಹಿಡಿದು ನಡೆಯಲು ಬಿದಿರಿನ ಗಳ ಕಟ್ಟಿ, ಮೆಟ್ಟಿಲ ಅಂಚಿಗೆ ಎರಡು ಇಂಚು ಬಿಳಿ ಬಣ್ಣದ ಪಟ್ಟಿ ಎಳೆಯಿರಿ. ಚಾ ಬಗ್ಗಿಸುವಾಗ ಪಾತ್ರೆಯ ಬಾಯಿ ಲೋಟದ ಅಂಚಿಗೆ ತಾಗಲಿ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಸುಣ್ಣ ಕಲಸುವ ಕೆಲಸಕ್ಕೆ ಅವರನ್ನು ಕರೆಯಲೇಬೇಡಿ.