ಬಾಗಲಕೋಟೆ ಬಿಸಿಲಿಗೆ ಸಿಪಿಯುಗೆ ವಾಟರ್ ಕೂಲರ್ ಬೇಕಾ, ಏರ್ ಕೂಲರ್ ಸಾಕಾ?

ಏರ್ ಕೂಲರ್ ತಗೊಳ್ಳಿ. ಬೇಸಿಗೆಯಲ್ಲಿ 40 ದಾಟುವ ಊರು, ರೈಸನ್ 5 7600 ಪ್ರೊಸೆಸರ್ (ಅದೇ ಸಿಪಿಯು), ವಿಡಿಯೊ ಎಡಿಟಿಂಗ್ ಕೆಲಸ, "ಇಷ್ಟು ಬಿಸಿಲಿಗೆ ನೀರಿನದೇ ಬೇಕಲ್ವಾ" ಅಂತ ಕೇಳಿದ್ದೀರಿ. ಓದುವಾಗ 2022ರಲ್ಲಿ ನಾನೇ ಕೇಳಿದ ಮಾತು ನೆನಪಾಯಿತು.

ನಾನು ವಿಜಯಪುರದವನು, ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಆ ವರ್ಷ ಐ7-12700ಕೆ ಹಾಕಿಸಿದ್ದೆ. ಪೂರ್ತಿ ಲೋಡ್ ಬಿದ್ದರೆ 190 ವಾಟ್ ತನಕ ಎಳೆಯುವ ಪ್ರೊಸೆಸರ್ ಅದು. ನನ್ನ ರೂಮು ಮಾಳಿಗೆ ಮೇಲೆ, ತಗಡಿನ ಶೀಟಿನ ಕೆಳಗೆ. ಏಪ್ರಿಲ್ ಮಧ್ಯಾಹ್ನ ಮೌಸ್ ಹಿಡಿದರೂ ಬೆಚ್ಚಗಿರುತ್ತದೆ. ಕೆಳಗೆ ಅಡುಗೆಮನೆಯಲ್ಲಿ ಹರವಿ ನೀರು ತಣ್ಣಗೆ. ಪಡಸಾಲೆಯ ಕೂಲರ್‌ಗೆ ನಾಲ್ಕು ಕೊಡ ಹಾಕಿದರೆ ತಂಪು ಗಾಳಿ. ನೀರು ಅಂದರೆ ತಂಪು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. 240 ಎಂಎಂ ರೇಡಿಯೇಟರ್ (ಎರಡು ಫ್ಯಾನ್ ಕೂರುವ, ನೀರಿನ ಬಿಸಿ ಹೊರಗೆ ಬಿಡುವ ಲೋಹದ ಜಾಲರಿ) ಇರುವ ವಾಟರ್ ಕೂಲರ್‌ಗೆ 8 ಸಾವಿರ ಕೊಟ್ಟೆ.

ನಿಮ್ಮ ಪ್ರಶ್ನೆಯ ಬುಡದಲ್ಲೂ ಇದೇ ತಪ್ಪಿದೆ. ಹರವಿ ತಣ್ಣಗಾಗುವುದು ಅದರ ಮೈಯಿಂದ ನೀರು ಆವಿಯಾಗಿ ಹೋಗುವುದರಿಂದ. ಮನೆಯ ಕೂಲರ್‌ದೂ ಅದೇ ಕಥೆ. ಸಿಪಿಯು ವಾಟರ್ ಕೂಲರ್‌ನಲ್ಲಿ ನೀರು ಪೈಪಿನೊಳಗೆ ಮುಚ್ಚಿಕೊಂಡೇ ಇರುತ್ತದೆ, ಆವಿಯಾಗಿ ತಂಪು ಕೊಡುವುದಿಲ್ಲ. ಪ್ರೊಸೆಸರ್‌ನ ಬಿಸಿಯನ್ನು ಹೊತ್ತು ರೇಡಿಯೇಟರ್‌ಗೆ ಮುಟ್ಟಿಸುತ್ತದೆ, ಅಲ್ಲಿ ಫ್ಯಾನ್ ಆ ಬಿಸಿಯನ್ನು ರೂಮಿನ ಗಾಳಿಗೆ ಕೊಡುತ್ತದೆ. ಅಷ್ಟೇ. ರೂಮು 40 ಡಿಗ್ರಿ ಇದ್ದರೆ ಆ ನೀರು 40ಕ್ಕಿಂತ ಕೆಳಗೆ ಬರುವ ಮಾತೇ ಇಲ್ಲ. ರೂಮು 15 ಡಿಗ್ರಿ ಜಾಸ್ತಿಯಾದರೆ ಸಿಪಿಯು ಕೂಡ ಹೆಚ್ಚುಕಡಿಮೆ ಅಷ್ಟೇ ಜಾಸ್ತಿಯಾಗುತ್ತದೆ, ಕೂಲರ್ ಯಾವುದೇ ಇರಲಿ. ನೀರು ಬಿಸಿಯಾಗಲು ಸ್ವಲ್ಪ ಹೊತ್ತು ತಗೊಳ್ಳುತ್ತದೆ, ಅದಕ್ಕೇ ಮೊದಲ ಹತ್ತು ನಿಮಿಷ ಚೆನ್ನಾಗಿ ಕಾಣುತ್ತದೆ. ಮೂರು ತಾಸಿನ ರೆಂಡರ್‌ಗೆ (ಎಡಿಟ್ ಮಾಡಿದ್ದು ಕೊನೆಗೆ ಪೂರ್ತಿ ವಿಡಿಯೊ ಆಗಿ ತಯಾರಾಗುವ ಕೆಲಸ) ಆ ಹತ್ತು ನಿಮಿಷದಿಂದ ಏನೂ ಆಗುವುದಿಲ್ಲ.

ಇನ್ನು ನನಗೆ ದುಡ್ಡು, ಮಾನ ಎರಡನ್ನೂ ಕಳೆದ ತಪ್ಪು. ಇದನ್ನು ಬಿಡಿಸಿ ಹೇಳಲೇಬೇಕು.

ನನ್ನದು ಹಳೇ ಕ್ಯಾಬಿನೆಟ್. ಮುಂದುಗಡೆ ಮೇಲೆ ಡಿವಿಡಿ ಡ್ರೈವ್, ಅದರ ಕೆಳಗೆ ಎರಡು ಫ್ಯಾನಿನ ಜಾಗ. ಹಳ್ಳಿಯಿಂದ ಬರುವ ಗಿರಾಕಿಗಳು ಹಳೇ ಮದುವೆ ಡಿವಿಡಿ ಹಿಡಿದುಕೊಂಡು ಬರುತ್ತಾರೆ, ಹಾಗಾಗಿ ಡ್ರೈವ್ ತೆಗೆಯಲು ಮನಸ್ಸಾಗಲಿಲ್ಲ. ರೇಡಿಯೇಟರನ್ನು ಕೆಳಗಿನ ಜಾಗದಲ್ಲೇ ಕೂರಿಸಿದೆ. ಸ್ಕ್ರೂ ಸರಿಯಾಗಿ ಕೂತವು, ಪೈಪು ಮುಟ್ಟಿತು, ಕಂಪ್ಯೂಟರ್ ಆನ್ ಆಯಿತು. ಆದರೆ ಪ್ರೊಸೆಸರ್ ಮೇಲೆ ಕೂತ, ನೀರು ತಳ್ಳುವ ಪಂಪು ರೇಡಿಯೇಟರ್‌ನ ತಲೆಗಿಂತ ನಾಲ್ಕು ಬೆರಳು ಎತ್ತರದಲ್ಲಿತ್ತು. ಆ ನಾಲ್ಕು ಬೆರಳೇ ಮುಂದೆ ಎಲ್ಲ ಹಾಳು ಮಾಡಿದ್ದು.

ಈ ಕೂಲರ್‌ಗಳ ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ. ವರ್ಷ ಕಳೆದಂತೆ ರಬ್ಬರ್ ಪೈಪಿನ ಮೂಲಕ ನೀರು ಚೂರುಚೂರೇ ಹೊರಗೆ ಹೋಗಿ ಗಾಳಿ ಇನ್ನೂ ಜಾಸ್ತಿಯಾಗುತ್ತದೆ. ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಏರುತ್ತದೆ. ಎತ್ತರದಲ್ಲಿ ರೇಡಿಯೇಟರ್‌ನ ತಲೆ ಇದ್ದರೆ ಗಾಳಿ ಅಲ್ಲೇ ಸುಮ್ನೆ ಕೂತಿರುತ್ತದೆ, ತೊಂದರೆ ಇಲ್ಲ. ಪಂಪು ಎತ್ತರದಲ್ಲಿದ್ದರೆ ಗಾಳಿ ಪಂಪಿನೊಳಗೇ ಸೇರುತ್ತದೆ. ನೀರನ್ನು ತಳ್ಳಬೇಕಾದ ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಆ ಚಕ್ರ ಸವೆಯದ ಹಾಗೆ ಕಾಯುವುದೂ ಅದೇ ನೀರು.

ಒಂದು ವರ್ಷದ ಮೇಲೆ ಕ್ಯಾಬಿನೆಟ್‌ನಿಂದ ಗುಳುಗುಳು ಸಪ್ಪಳ ಶುರುವಾಯಿತು. ಫ್ಯಾನ್ ಇರಬೇಕು ಅಂದುಕೊಂಡೆ. ಬಸವನ ಬಾಗೇವಾಡಿ ಕಡೆಯಿಂದ ಕಾಕಾ ಬಂದಿದ್ದರು, ಒಕ್ಕಲುತನ ಮಾಡುವವರು. ಚಹಾ ಕುಡಿಯುತ್ತಾ ಕೂತವರು ಕಪ್ ಕೆಳಗಿಟ್ಟು ಕಿವಿಗೊಟ್ಟರು. "ತಮ್ಮಾ, ನಮ್ಮ ಬಾವಿ ಮೋಟರ್ ಗಾಳಿ ಹಿಡದಾಗ ಹಿಂಗ ಸಪ್ಪಳ ಮಾಡತೈತಿ ನೋಡು" ಅಂದರು. ಕಂಪ್ಯೂಟರ್ ಬಗ್ಗೆ ಕಾಕಾಗೆ ಏನು ಗೊತ್ತು ಅಂತ ಬಿಟ್ಟುಬಿಟ್ಟೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

2023ರ ಮೇ ತಿಂಗಳು, ಮದುವೆ ಸೀಜನ್. ರೆಂಡರ್ ಹಾಕಿ ಊಟಕ್ಕೆ ಹೋಗಿ ಬಂದೆ, ಕಂಪ್ಯೂಟರ್ ಬಂದಾಗಿತ್ತು. ಮತ್ತೆ ಆನ್ ಮಾಡಿದರೆ ಎರಡೇ ನಿಮಿಷಕ್ಕೆ 100 ಡಿಗ್ರಿ. ಬಾಗಿಲು ಬಿಚ್ಚಿ ಪ್ರೊಸೆಸರ್ ಹತ್ತಿರದ ಪೈಪು ಮುಟ್ಟಿದೆ, ಬೆರಳು ಇಡಲಾಗದಷ್ಟು ಬಿಸಿ. ರೇಡಿಯೇಟರ್ ಮುಟ್ಟಿದೆ, ರೂಮಿಗಿಂತ ಒಂಚೂರೂ ಬಿಸಿ ಇಲ್ಲ. ನೀರು ಹರಿಯುತ್ತಲೇ ಇರಲಿಲ್ಲ. ಅಂಗಡಿಯವರು ಬೆಂಗಳೂರಿಗೆ ಕಳಿಸಬೇಕು, ಮೂರು ವಾರ ಆಗುತ್ತದೆ ಅಂದರು. ಕೈಯಲ್ಲಿ ಮೂರು ಮದುವೆ ಇದ್ದವು. ಒಬ್ಬರು ಅಡ್ವಾನ್ಸ್ ವಾಪಸ್ ತಗೊಂಡು ಹೋದರು. ಆ ಮನೆಯವರ ಮುಂದೆ ಇವತ್ತಿಗೂ ತಲೆ ಎತ್ತಿ ನಿಲ್ಲಲು ಆಗುವುದಿಲ್ಲ.

ಮರುದಿನ ಎರಡು ಟವರ್ (ತೆಳು ಲೋಹದ ಹಾಳೆ ಜೋಡಿಸಿದ ಗೋಪುರ), ಆರು ತಾಮ್ರದ ಪೈಪಿನ ಏರ್ ಕೂಲರ್ ತರಿಸಿದೆ. ಆ ಪೈಪಿನೊಳಗೂ ಒಂದಿಷ್ಟು ನೀರಿರುತ್ತದೆ! ಬಿಸಿಗೆ ಆವಿಯಾಗಿ ಪೈಪಿನ ಆ ತುದಿಗೆ ಹೋಗಿ, ತಣಿದು ನೀರಾಗಿ ಮತ್ತೆ ವಾಪಸ್ ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಕೆಡುವುದು ಫ್ಯಾನ್ ಒಂದೇ. 120 ಎಂಎಂ ಫ್ಯಾನ್ ನಮ್ಮೂರಲ್ಲೂ ಸಿಗುತ್ತದೆ, ನಿಮ್ಮೂರಲ್ಲೂ ಸಿಗುತ್ತದೆ, ಅದೇ ಸಂಜೆ ಕೆಲಸ ಶುರು. ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಪವರ್ ಮಿತಿಯನ್ನು 125 ವಾಟ್‌ಗೆ ಇಳಿಸಿದೆ. ಮೂರು ತಾಸಿನ ರೆಂಡರ್‌ಗೆ ಕಾಲು ತಾಸು ಜಾಸ್ತಿ ಹಿಡಿಯಿತು, ಬಿಸಿ ಮಾತ್ರ ಎಷ್ಟೋ ಇಳಿಯಿತು.

ನಿಮ್ಮ 7600 ಬರೀ 65 ವಾಟ್‌ನದು, ಲೋಡ್‌ನಲ್ಲಿ 88ರ ಹತ್ತಿರ ನಿಲ್ಲುತ್ತದೆ. ಡಬ್ಬಿಯಲ್ಲೇ ಒಂದು ಕೂಲರ್ ಕೊಡುತ್ತಾರೆ, ಅದೂ ನಡೆಯುತ್ತದೆ. ಸದ್ದು ಕಡಿಮೆ ಬೇಕಂದರೆ ನಾಲ್ಕು ಪೈಪಿನ ಒಂಟಿ ಟವರ್ ಸಾಕು, ಎರಡು-ಮೂರು ಸಾವಿರದೊಳಗೆ ಬರುತ್ತದೆ. ತಗೊಳ್ಳುವ ಮೊದಲು ಅದರ ಎತ್ತರ ನಿಮ್ಮ ಕ್ಯಾಬಿನೆಟ್‌ಗೆ ಹಿಡಿಸುತ್ತದಾ ನೋಡಿ, ಹೆಚ್ಚಿನವು 155 ಎಂಎಂ ಆಸುಪಾಸು ಇರುತ್ತವೆ. 253 ವಾಟ್ ಎಳೆಯುವ ಐ9-14900ಕೆ ಇಟ್ಟುಕೊಂಡು ದಿನವಿಡೀ ರೆಂಡರ್ ಮಾಡುವವರಿಗೆ ಮೂರು ಫ್ಯಾನಿನ 360 ಎಂಎಂ ವಾಟರ್ ಕೂಲರ್ ಬೇಕು, ಒಪ್ಪುತ್ತೇನೆ. ನಿಮಗೆ ಬೇಡ.

ಉಳಿದ ದುಡ್ಡನ್ನು ರೂಮಿಗೆ ಹಾಕಿ. ಕಂಪ್ಯೂಟರನ್ನು ಟೇಬಲ್‌ನ ಗೂಡಿನಿಂದ ಹೊರಗೆ ತನ್ನಿ, ಗೋಡೆಯಿಂದ ಒಂದು ಗೇಣು ದೂರ ಇಡಿ, ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಎರಿ ಮಣ್ಣಿನ ಧೂಳು ಫಿಲ್ಟರ್‌ಗೆ ಕಪ್ಪಗೆ ಹೆಪ್ಪುಗಟ್ಟುತ್ತದೆ, ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ. ಮಾಳಿಗೆಯ ತಗಡು ಬಿಟ್ಟು ಕೆಳಗಿನ ದಪ್ಪ ಗೋಡೆಯ ಕೋಣೆಗೆ ಬಂದದ್ದೇ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಯಿತು.

ಈಗಾಗಲೇ ವಾಟರ್ ಕೂಲರ್ ಆರ್ಡರ್ ಮಾಡಿಬಿಟ್ಟಿದ್ದರೆ ರೇಡಿಯೇಟರನ್ನು ಕ್ಯಾಬಿನೆಟ್‌ನ ಮೇಲ್ಭಾಗಕ್ಕೆ ಕೂರಿಸಿ. ಮುಂದೆಯೇ ಹಾಕಬೇಕಾದರೆ ಅದರ ತಲೆ ಪಂಪಿಗಿಂತ ಎತ್ತರ ಇರಲಿ, ಸ್ಕೇಲ್ ಹಿಡಿದು ಅಳೆಯಿರಿ. ಗುಳುಗುಳು ಸಪ್ಪಳ ಕೇಳಿದರೆ ಅದೇ ದಿನ ಬಂದ್ ಮಾಡಿ ಬಿಚ್ಚಿ ನೋಡಿ. ನಾನು ಎರಡು ತಿಂಗಳು ಕೇಳಿಸಿಕೊಂಡು ಸುಮ್ನೆ ಕೂತಿದ್ದೆ.