ಮಳೆಗಾಲ ಕಳೆದ ಮೇಲೆ ಗುಂಡು ಚದುರುವುದೇಕೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಪಾಯಿಂಟ್ ಟೂಟೂ (.22 ಇಂಚು ವ್ಯಾಸದ ಗುಂಡಿನ) ರೈಫಲ್ ಗುರಿಗಾರಿಕೆ

ಪ್ರತಿವರ್ಷ ದೀಪಾವಳಿಯ ಆಸುಪಾಸಿನಲ್ಲಿ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಊರುಗಳಿಂದ ಕೇಳುತ್ತವೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟು, ಉಳಿದವಕ್ಕೆ ಉಳಿದಷ್ಟರಲ್ಲಿ ಉತ್ತರಿಸುತ್ತೇನೆ. ಬೋಲ್ಟ್ (ತೋಟಾ ತುಂಬುವ ಹಿಂಬದಿಯ ಅಗುಳಿ) ತೆರೆದಿಡುವುದು, ನಳಿಗೆಯ (ಬ್ಯಾರಲಿನ) ಬಾಯಿ ಯಾವ ಕಡೆಗಿರಬೇಕು, ಬೆರಳು ಎಲ್ಲಿರಬೇಕು ಎಂಬ ಪಾಠಗಳನ್ನು ಇಲ್ಲಿ ಮಾಡುವುದಿಲ್ಲ. ಅವು ಗೊತ್ತಿಲ್ಲದವರು ರೇಂಜಿಗೆ ಕಾಲಿಡಲೇಬಾರದು.

ಮೇ ತಿಂಗಳಿನಲ್ಲಿ ಮಲಗಿ ಹೊಡೆದರೆ 50 ಮೀಟರಿಗೆ ಹತ್ತೂ ಗುಂಡುಗಳು ಗುರಿಹಾಳೆಯ ಒಂಬತ್ತರ ಉಂಗುರದೊಳಗೆ ಬೀಳುತ್ತಿದ್ದವು. ಮಳೆಗಾಲವಿಡೀ ರೈಫಲ್ ಪೆಟ್ಟಿಗೆಯಲ್ಲಿತ್ತು. ಈಗ ಅದೇ ರೈಫಲ್, ಅದೇ ಕಂಪನಿಯ ತೋಟಾ, ಆದರೂ ಗುಂಡುಗಳು ಏಳು, ಎಂಟಕ್ಕೆ ಚದುರುತ್ತಿವೆ. ಬ್ಯಾರಲ್ ಸವೆದಿದೆ, ಬದಲಿಸಿ ಎಂದು ತಿಳಿದವರೊಬ್ಬರು ಹೇಳಿದರು. ಬದಲಿಸಲೇ ಸರ್? (ತೀರ್ಥಹಳ್ಳಿ)

ಬದಲಿಸಬೇಡಿ. ಈ ರೈಫಲಿನ ಗುಂಡು ಮೆದು ಸೀಸದ್ದು, ಹಿಂದಿರುವ ಮದ್ದು ಅತ್ಯಲ್ಪ. ಸರಿಯಾಗಿ ನೋಡಿಕೊಂಡ ಬ್ಯಾರಲ್ ಹತ್ತಾರು ಸಾವಿರ ಗುಂಡುಗಳಿಗೆ ಬಾಳುತ್ತದೆ. ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿ ಮಲಗಿದ್ದ ಬ್ಯಾರಲ್ ತುಕ್ಕು ಹಿಡಿದೀತು, ಸವೆಯುವುದು ಹೇಗೆ? ಆ ತಿಳಿದವರು ನೀವು ಹೊಡೆದ ಎಷ್ಟು ಗುಂಡುಗಳನ್ನು ನೋಡಿ ಈ ತೀರ್ಪು ಕೊಟ್ಟರೆಂದು ಒಮ್ಮೆ ಕೇಳಿ ನೋಡಿ. ಮೂರೋ ನಾಲ್ಕೋ ಇರಬೇಕು.

ಮೊದಲು 'ಅದೇ ತೋಟಾ' ಎಂಬ ಮಾತನ್ನು ಪರೀಕ್ಷಿಸೋಣ. ಅದೇ ಕಂಪನಿಯ ತೋಟಾ ಎಂದರೆ ಅದೇ ಲಾಟಿನದು (ಒಂದೇ ಸಲಕ್ಕೆ ತಯಾರಾದ ಕಂತಿನದು) ಎಂದಾಗುವುದಿಲ್ಲ. ಟೂಟೂವಿನಂಥ ರಿಮ್‌ಫೈರ್ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ನಡುವಿನ ಕೇಪಿನಲ್ಲಿರುವುದಿಲ್ಲ. ಹಿತ್ತಾಳೆಯ ತಳದ ಅಂಚಿನ ಟೊಳ್ಳಿನೊಳಗೆ ಸುತ್ತಲೂ ಹರಡಿರುತ್ತದೆ. ಆ ಅಂಚಿನ ದಪ್ಪ, ಮದ್ದು ಹರಡಿರುವ ರೀತಿ, ಗುಂಡಿಗೆ ಸವರಿದ ಮೇಣ ಇವೆಲ್ಲ ಒಂದು ಲಾಟಿನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಬದಲಾದರೂ ಗುಂಡು ಹೊರಡುವ ವೇಗ ಬದಲಾಗುತ್ತದೆ. ಸ್ಪರ್ಧೆಯ ತೋಟಾದಲ್ಲಿ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. ಎರಡು ಗುಂಡುಗಳ ವೇಗದಲ್ಲಿ ಕೇವಲ 10 ಮೀಟರಿನ ವ್ಯತ್ಯಾಸವಿದ್ದರೆ 50 ಮೀಟರ್ ದೂರದಲ್ಲಿ ಅವು ಸುಮಾರು 7ರಿಂದ 8 ಮಿಲಿಮೀಟರ್ ಮೇಲೆ ಕೆಳಗಾಗುತ್ತವೆ. ಗುರಿಹಾಳೆಯ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್, ಅಲ್ಲಿಂದ ಹೊರಗೆ ಒಂದೊಂದು ಉಂಗುರದ ಅಗಲ 8 ಮಿಲಿಮೀಟರ್. ನಿಮ್ಮ ಕೈಯ ತಪ್ಪೇನೂ ಇಲ್ಲದೆ ಹೆಚ್ಚುಕಡಿಮೆ ಒಂದು ಅಂಕ ಹೋಗುವುದು ಹೀಗೆ. ಎಲಿ, ಲಾಪುವಾದಂಥ ತಯಾರಕರು ಶೂಟರುಗಳ ರೈಫಲನ್ನೇ ತರಿಸಿಕೊಂಡು ಲಾಟುಗಳನ್ನು ಒಂದೊಂದಾಗಿ ಹೊಡೆದು ನೋಡುವ ವ್ಯವಸ್ಥೆ ಇಟ್ಟುಕೊಂಡಿರುವುದು ಈ ಕಾರಣಕ್ಕೇ. ನಾವು ಅಲ್ಲಿಗೆ ಹೋಗಬೇಕಿಲ್ಲ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಸಿಗುವ ಎರಡು ಮೂರು ಲಾಟುಗಳನ್ನು ಹೊಡೆದು ನೋಡಿ, ನಿಮ್ಮ ರೈಫಲಿಗೆ ಒಗ್ಗಿದ್ದನ್ನು ಲೈಸೆನ್ಸಿನ ಮಿತಿಯೊಳಗೆ ಎಷ್ಟು ಸಾಧ್ಯವೋ ಅಷ್ಟು ಒಟ್ಟಿಗೇ ಕೊಂಡರೆ ಸಾಕು. ತೋಟಾ ಬದಲಿಸಿದಾಗ ಮೊದಲ ಇಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯ ಮೇಣ ಹೋಗಿ ಹೊಸ ಮೇಣ ನಳಿಗೆಯೊಳಗೆ ಕೂರುವವರೆಗೆ ಗುಂಡುಗಳು ತಮಗೆ ತೋಚಿದತ್ತ ಹೋಗುತ್ತವೆ.

ಎರಡನೆಯದು ನಮ್ಮ ಮಲೆನಾಡಿಗೇ ಸೇರಿದ ತೊಂದರೆ. ನಿಮ್ಮ ರೈಫಲಿನ ಸ್ಟಾಕ್ (ಬ್ಯಾರಲನ್ನು ಹೊತ್ತು ಭುಜಕ್ಕೆ ಊರುವ ಭಾಗ) ಮರದ್ದೆಂದು ಪತ್ರದಲ್ಲಿ ಬರೆದಿದ್ದೀರಿ. ಆಷಾಢದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ವರ್ಷವೂ ನೋಡುವ ನಾವು, ರೈಫಲಿನ ಮರವೂ ಮರವೇ ಎಂಬುದನ್ನು ಮರೆತುಬಿಡುತ್ತೇವೆ. ತೇವ ಕುಡಿದು ಉಬ್ಬಿದ ಸ್ಟಾಕ್ ಬ್ಯಾರಲಿಗೆ ತಾಗಿ ಒಂದು ಕಡೆಯಿಂದ ಒತ್ತುತ್ತದೆ. ಆಮೇಲೆ ಬಿಸಿಲಿಗೆ ಒಣಗಿ ಕುಗ್ಗಿದಾಗ ಆಕ್ಷನ್ನನ್ನು (ಬೋಲ್ಟ್ ಕೂರುವ ಲೋಹದ ಭಾಗವನ್ನು) ಹಿಡಿದಿರುವ ತಿರುಪುಗಳು ಸಡಿಲಾಗುತ್ತವೆ. ನಾನೇ ಹರೆಯದಲ್ಲಿ ಒಂದು ಇಡೀ ಹಂಗಾಮನ್ನು ಹೀಗೆ ಕಳೆದುಕೊಂಡೆ. ಕಣ್ಣು ಪರೀಕ್ಷೆ ಮಾಡಿಸಿದೆ, ಟ್ರಿಗರ್ ಬಿಚ್ಚಿಸಿದೆ, ಬ್ಯಾರಲನ್ನು ಶಪಿಸಿದೆ. ಕೊನೆಗೆ ನೋಡಿದರೆ ಮುಂದಿನ ತಿರುಪು ಅರ್ಧ ಸುತ್ತು ಸಡಿಲವಾಗಿತ್ತು. ತಿರುಪುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಕೈಯ ಅಂದಾಜು ಸೈಕಲ್ ರಿಪೇರಿಗೆ ಸಾಕು, ಇದಕ್ಕೆ ಸಾಲದು. ಬ್ಯಾರಲ್ ಸ್ಟಾಕಿಗೆ ತಾಗದಂತೆ ಮಾಡಿದ ರೈಫಲಾದರೆ ಎರಡರ ನಡುವೆ ಕಾಗದದ ಪಟ್ಟಿಯೊಂದನ್ನು ತೂರಿಸಿ ಎಳೆಯಿರಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ಒತ್ತುತ್ತಿದೆ. ಎನ್‌ಸಿಸಿಯ ಹಳೆಯ ರೈಫಲುಗಳಂತೆ ಮರಕ್ಕೆ ತಾಗಿಯೇ ಕೂರುವವುಗಳಿಗೆ ಈ ಪರೀಕ್ಷೆ ಅನ್ವಯಿಸದು. ಮರ ಒತ್ತುತ್ತಿದ್ದರೂ ಉಪ್ಪುಕಾಗದ ಹಿಡಿದು ನೀವೇ ಉಜ್ಜಲು ಹೋಗಬೇಡಿ.

ತುಕ್ಕು ಹಿಡಿಯದಿರಲೆಂದು ಜೂನಿನಲ್ಲಿ ನಳಿಗೆಯೊಳಗೆ ಎಣ್ಣೆ ಬಿಟ್ಟಿದ್ದೀರಷ್ಟೆ. ಅದನ್ನು ಒಣಬಟ್ಟೆಯ ತುಂಡುಗಳಿಂದ ಪೂರ್ತಿ ಒರೆಸದೆ ಹೊಡೆದರೆ ಮೊದಲ ಗುಂಡುಗಳನ್ನು ನಂಬುವಂತಿಲ್ಲ. ಒರೆಸುವ ಸಲಾಕೆ ಬೋಲ್ಟಿನ ಕಡೆಯಿಂದಲೇ ಹೋಗಬೇಕು. ಬಾಯಿಯ ಕಡೆಯಿಂದ ತೂರಿಸಿ, ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಅಂಚನ್ನು ಕೆಡಿಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಅಂಥವರಿಗೆ ನಿಜಕ್ಕೂ ಬ್ಯಾರಲಿನ ಕೆಲಸ ಬೀಳುತ್ತದೆ.

ಇಷ್ಟನ್ನು ಸರಿಪಡಿಸಿದ ಮೇಲೆ ಪರೀಕ್ಷೆ. ಮೂರು ಗುಂಡು ಹೊಡೆದು, ಅವು ಒತ್ತಾಗಿ ಬಿದ್ದರೆ ಹಿಗ್ಗುವುದು, ಚದುರಿದರೆ ತಿರುಪುಳಿ ಹಿಡಿಯುವುದು, ಇದಕ್ಕಿಂತ ದೊಡ್ಡ ಮೂರ್ಖತನ ಈ ಆಟದಲ್ಲಿಲ್ಲ. ಮರಳು ಚೀಲದ ಆಸರೆಯಲ್ಲಿ, ಗಾಳಿಯಿಲ್ಲದ ಬೆಳಿಗ್ಗೆ, ಒಂದೇ ಲಾಟಿನ ತೋಟಾದಿಂದ ಹತ್ತು ಹತ್ತು ಗುಂಡುಗಳಂತೆ ಐದು ಹಾಳೆಗಳಿಗೆ ಹೊಡೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹಾಳೆಗಳನ್ನು ಒಂದರ ಮೇಲೊಂದಿಟ್ಟು ನೋಡಿ. ಗುಂಡುಗಳು ಉದ್ದಕ್ಕೆ ಮೇಲೆ ಕೆಳಗೆ ಹರಡಿದ್ದರೆ ಮೊದಲ ಅನುಮಾನ ತೋಟಾದ ಮೇಲೆ, ಆಮೇಲೆ ಉಸಿರಿನ ಮೇಲೆ. ಅಡ್ಡಕ್ಕೆ ಹರಡಿದ್ದರೆ ಗಾಳಿ ಅಥವಾ ಟ್ರಿಗರನ್ನು ಪಕ್ಕಕ್ಕೆಳೆಯುವ ಬೆರಳು. ಎರಡು ಬೇರೆ ಬೇರೆ ಗುಂಪುಗಳಾಗಿದ್ದರೆ ಎಲ್ಲೋ ಏನೋ ಸಡಿಲವಾಗಿದೆ.

ಆಸರೆಯ ಮೇಲೆ ಗುಂಡುಗಳು ಒತ್ತಾಗಿ ಬಿದ್ದು ಕೈಯಲ್ಲಿ ಹಿಡಿದಾಗ ಮಾತ್ರ ಚದುರಿದರೆ, ನೀವು ಕೇಳದ ಪ್ರಶ್ನೆಗೆ ನಾನು ಉತ್ತರಿಸಬೇಕಾಗುತ್ತದೆ. ಪೆಟ್ಟಿಗೆಯಲ್ಲಿದ್ದದ್ದು ರೈಫಲ್ ಮಾತ್ರವಲ್ಲ, ನಿಮ್ಮ ಅಭ್ಯಾಸವೂ ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿತ್ತು. ಭಂಗಿಯಲ್ಲಿ ಮಲಗಿ, ಗುರಿ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ನಿರಾಳವಾಗಿ ಉಸಿರಾಡಿ ಕಣ್ಣು ತೆರೆಯಿರಿ. ರೈಫಲ್ ಗುರಿಯಿಂದ ಸರಿದಿದ್ದರೆ ಅದನ್ನು ತೋಳಿನಿಂದ ಎಳೆದು ತರಬೇಡಿ. ಎಡ ಮೊಣಕೈಯನ್ನು ಕದಲಿಸದೆ ಸೊಂಟ, ಕಾಲುಗಳನ್ನು ಸರಿಸಿ ಇಡೀ ಮೈಯನ್ನೇ ತಿರುಗಿಸಿ. ತೋಳಿನಿಂದ ಎಳೆದು ತಂದ ರೈಫಲ್ ಗುಂಡು ಹೊರಡುವ ಗಳಿಗೆಯಲ್ಲಿ ತನ್ನ ಮೊದಲಿನ ಜಾಗಕ್ಕೇ ಮರಳುತ್ತದೆ.

ಹೆಚ್ಚು ವೇಗದ ತೋಟಾ ಬಳಸಿದರೆ ಗಾಳಿಗೆ ಗುಂಡು ಕಡಿಮೆ ಸರಿಯುತ್ತದೆಯೇ? (ಭದ್ರಾವತಿ)

ಹೆಚ್ಚು ಸರಿಯುತ್ತದೆ. ಶಬ್ದಕ್ಕಿಂತ ವೇಗವಾಗಿ ಹೊರಟ ಈ ಮೊಂಡು ಗುಂಡು ಗಾಳಿಯ ತಡೆಗೆ ಸಿಕ್ಕಿ ಬೇಗ ವೇಗ ಕಳೆದುಕೊಳ್ಳುತ್ತದೆ, ಮತ್ತು ಅಡ್ಡಗಾಳಿ ಗುಂಡನ್ನು ಎಷ್ಟು ತಳ್ಳುತ್ತದೆಂಬುದು ಹೀಗೆ ಕಳೆದುಕೊಂಡ ವೇಗವನ್ನು ಅವಲಂಬಿಸಿದೆ. ನಿಧಾನದ ತೋಟಾದಲ್ಲಿಯೂ ಸೆಕೆಂಡಿಗೆ 1 ಮೀಟರಿನ ಅಡ್ಡಗಾಳಿ 50 ಮೀಟರ್ ದೂರದಲ್ಲಿ ಗುಂಡನ್ನು 5 ಮಿಲಿಮೀಟರಿನಷ್ಟು ಸರಿಸುತ್ತದೆ. ತೋಟಾ ಹುಡುಕುವ ಬದಲು ಗುಂಡು ಸಾಗುವ ದಾರಿಯಲ್ಲಿ ಎರಡು ಕಡೆ ರಿಬ್ಬನ್ ಕಟ್ಟಿ ನೋಡಲು ಕಲಿಯಿರಿ.

ಕೈ ನಡುಗದಿರಲು ಸ್ಪರ್ಧೆಗೆ ಮುಂಚೆ ಒಂದು ಮಾತ್ರೆ ತೆಗೆದುಕೊಳ್ಳುವಂತೆ ತರಬೇತಿ ಕೊಡುವವರು ಹೇಳುತ್ತಾರೆ. (ಸಾಗರ)

ಅವರ ಬಳಿಗೆ ಇನ್ನು ಹೋಗಬೇಡಿ. ಅವರು ಹೇಳುತ್ತಿರುವುದು ಬಹುಶಃ ಬೀಟಾ ಬ್ಲಾಕರ್. ಹೃದಯದ ಬಡಿತವನ್ನು ನಿಧಾನಿಸುವ ಈ ಔಷಧವನ್ನು ಶೂಟಿಂಗಿನಲ್ಲಿ ಸ್ಪರ್ಧೆಯ ದಿನವಷ್ಟೇ ಅಲ್ಲ, ಉಳಿದ ದಿನಗಳಲ್ಲಿಯೂ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿಸಿದೆ. ಅಸ್ತಮಾ ಇರುವವರಿಗಂತೂ ಇದು ಪ್ರಾಣಕ್ಕೇ ಅಪಾಯ. ವೈದ್ಯರಲ್ಲದವರು ಮಾತ್ರೆ ಹಂಚುವುದನ್ನು ತರಬೇತಿ ಎನ್ನುವುದಿಲ್ಲ.

ನಳಿಗೆಗೆ ಕೊಬ್ಬರಿ ಎಣ್ಣೆ ಹಾಕಬಹುದೇ? (ಕೊಪ್ಪ)

ಬೇಡ. ಅದು ತಲೆಗೆ.

ಬೆಳೆ ರಕ್ಷಣೆಯ ಲೈಸೆನ್ಸ್ ಇದೆ. ತೋಟದಲ್ಲೇ ಟೂಟೂ ಅಭ್ಯಾಸ ಮಾಡಬಹುದೇ? (ಹೊಸನಗರ)

ಕೂಡದು. ಈ ಪುಟ್ಟ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗುತ್ತದೆ, ಅಡಿಕೆ ಮರ ಅದನ್ನು ತಡೆಯುವುದಿಲ್ಲ.

ಎನ್‌ಸಿಸಿ ಕೆಡೆಟ್ ನಾನು. ಗುರಿ ಅಲುಗಾಡುವುದು ನಿಲ್ಲುವವರೆಗೆ ಉಸಿರು ಬಿಗಿಹಿಡಿಯಬೇಕೇ? (ಶಿವಮೊಗ್ಗ)

ಅಲುಗಾಟ ಪೂರ್ತಿ ನಿಲ್ಲುವುದಿಲ್ಲ, ಕಾಯಬೇಡಿ. ಸಹಜವಾಗಿ ಉಸಿರು ಬಿಟ್ಟು ತಡೆದ ಮೇಲೆ ಎಂಟು ಸೆಕೆಂಡಿನೊಳಗೆ ಗುಂಡು ಹೊರಡದಿದ್ದರೆ ರೈಫಲ್ ಇಳಿಸಿ, ಮತ್ತೆ ಮೊದಲಿನಿಂದ ಶುರು ಮಾಡಿ. ಉಸಿರು ಕಟ್ಟಿ ಕೂತರೆ ಕಣ್ಣು ಮಸುಕಾಗುತ್ತದೆ.

ಮಳೆಗಾಲದಲ್ಲಿ 50 ಮೀಟರ್ ಅಭ್ಯಾಸ ಆಗುವುದಿಲ್ಲ. ಏರ್ ರೈಫಲಿಗೆ ಬದಲಾಯಿಸಿಕೊಳ್ಳಲೇ? (ಶೃಂಗೇರಿ)

ಬದಲಾಯಿಸುವುದೇಕೆ, ಎರಡನ್ನೂ ಮಾಡಿ. ಸೂರಿನಡಿಯ 10 ಮೀಟರ್ ಅಭ್ಯಾಸದಲ್ಲಿ ಗಾಳಿಯ ನೆಪವೂ ಇಲ್ಲ, ಲಾಟಿನ ನೆಪವೂ ಕಡಿಮೆ. ಹತ್ತರ ಚುಕ್ಕೆ ಅರ್ಧ ಮಿಲಿಮೀಟರಿನದಾದ್ದರಿಂದ ತಪ್ಪೆಲ್ಲ ನಿಮ್ಮದೇ ಎಂದು ಬೇಗ ತಿಳಿಯುತ್ತದೆ. ಆದರೆ ನಿಂತು ಹೊಡೆಯಲು ಕಲಿಯಬೇಕಾಗುತ್ತದೆ, ಮಲಗಿ ಹೊಡೆಯುವುದಷ್ಟೇ ಇಷ್ಟವೆಂದರೆ ನಡೆಯದು. 50 ಮೀಟರಿನಲ್ಲಿಯೂ ಬರಿಯ ಮಲಗಿ ಹೊಡೆಯುವ ಸ್ಪರ್ಧೆ 2016ರ ರಿಯೋ ನಂತರ ಒಲಿಂಪಿಕ್ಸಿನಲ್ಲಿ ಉಳಿದಿಲ್ಲ. ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದದ್ದು ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಅಂದ ಹಾಗೆ, ಟೂಟೂ ರೈಫಲನ್ನು ಮಳೆಗಾಲದಲ್ಲಿ ಸ್ಪಂಜಿನ ಒಳಪದರವಿರುವ ಚೀಲದೊಳಗೆ ಜಿಪ್ ಎಳೆದು ಇಡಬೇಡಿ, ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಚೀಲದಿಂದ ತೆಗೆದು, ಒರೆಸಿ, ಬೀಗವಿರುವ ಒಣ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಹದಿನೈದು ದಿನಕ್ಕೊಮ್ಮೆ ಆ ಜೆಲ್ಲನ್ನು ಬಿಸಿಮಾಡಿ ಒಣಗಿಸಿ.