ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದರೆ ಸಂಧಿವಾತ ಇಲ್ಲವೆಂದೇ?

ಪ್ರಶ್ನೆ: ನನಗೆ 38 ವರ್ಷ. ಎರಡು ತಿಂಗಳಿಂದ ಎರಡೂ ಕೈಗಳ ಬೆರಳಿನ ಕೀಲುಗಳು ಊದಿಕೊಂಡು ನೋಯುತ್ತಿವೆ. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಮುಷ್ಟಿ ಕಟ್ಟಲು ಆಗುವುದಿಲ್ಲ. ರಕ್ತಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಸಂಧಿವಾತದ ಸುಳಿವು ಕೊಡುವ ಪ್ರತಿಕಾಯ) ನೆಗೆಟಿವ್ ಬಂದಿದೆ. ನೋವಿನ ಮಾತ್ರೆ ನುಂಗಿಕೊಂಡಿದ್ದರೆ ಸಾಕೇ?

ಉತ್ತರ: ಆ ಒಂದು ವರದಿಯನ್ನು ನಂಬಿ ದಯವಿಟ್ಟು ಸುಮ್ಮನಿರಬೇಡಿ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಸುಮಾರು ಶೇಕಡಾ 20ರಿಂದ 30ರಷ್ಟು ಮಂದಿಗೆ ಈ ಪರೀಕ್ಷೆ ನೆಗೆಟಿವ್ ಆಗಿಯೇ ಇರುತ್ತದೆ. ಕಾಯಿಲೆಯೇ ಇಲ್ಲದ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಪಾಸಿಟಿವ್ ಬರುವುದೂ ಉಂಟು. ಆದ್ದರಿಂದ ವರದಿಗಿಂತ ನಿಮ್ಮ ಕೈಗಳು ಹೇಳುತ್ತಿರುವುದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಈ ಕಾಯಿಲೆಯಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುವುದರಿಂದ ಆ ಪೊರೆ ಉರಿಯೂತಗೊಂಡು ದಪ್ಪವಾಗುತ್ತದೆ, ಕ್ರಮೇಣ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತದೆ. ಮಣಿಕಟ್ಟು, ಬೆರಳುಗಳ ಬುಡ ಮತ್ತು ನಡುವಿನ ಕೀಲುಗಳು, ಪಾದದ ಮುಂಭಾಗದ ಸಣ್ಣ ಕೀಲುಗಳು ಸಾಮಾನ್ಯವಾಗಿ ಎರಡೂ ಬದಿಯಲ್ಲಿ ಊದಿಕೊಳ್ಳುತ್ತವೆ. ಉಗುರಿನ ಹತ್ತಿರದ ಕೀಲುಗಳಿಗೆ ತೊಂದರೆ ಅಪರೂಪ. ವಯಸ್ಸಿನೊಂದಿಗೆ ಬರುವ ಸವೆತದ ಸಂಧಿವಾತದಲ್ಲಿ ಬೆಳಗಿನ ಬಿಗಿತ ಸಾಧಾರಣವಾಗಿ ಅರ್ಧ ಗಂಟೆಯೊಳಗೆ ಸಡಿಲಗೊಂಡು, ಕೆಲಸ ಮಾಡಿದಷ್ಟೂ ನೋವು ಹೆಚ್ಚುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಬಿಗಿತ ದೀರ್ಘವಾಗಿರುತ್ತದೆ, ಕೈಯಾಡಿಸಿದಂತೆ ಕಡಿಮೆಯಾಗುತ್ತದೆ. ಮೈಯೆಲ್ಲ ಸುಸ್ತು, ಸಣ್ಣ ಜ್ವರ, ರಕ್ತಹೀನತೆ, ತೂಕ ಇಳಿಯುವುದು, ಕಣ್ಣು ಒಣಗುವುದು ಇವೂ ಜೊತೆಗೂಡಬಹುದು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಧೂಮಪಾನವೂ ಅಪಾಯವನ್ನು ಹೆಚ್ಚಿಸುತ್ತದೆ.

ಆರು ವಾರ ದಾಟಿದ ಊತವನ್ನು ಕೀಲುವಾತ ತಜ್ಞರಿಗೆ, ಅಂದರೆ ರುಮಟಾಲಜಿಸ್ಟ್‌ಗೆ ತೋರಿಸಲೇಬೇಕು. ಅವರು ಕೀಲುಗಳನ್ನು ಒತ್ತಿ ನೋಡಿ, ಈ ಕಾಯಿಲೆಯ ಇನ್ನೊಂದು ಪ್ರತಿಕಾಯವನ್ನು ಹುಡುಕುವ ಆ್ಯಂಟಿ-ಸಿಸಿಪಿ, ಉರಿಯೂತದ ಮಟ್ಟ ತಿಳಿಸುವ ಇಎಸ್ಆರ್, ಸಿಆರ್‌ಪಿ ಪರೀಕ್ಷೆಗಳನ್ನೂ ಅಗತ್ಯವಿದ್ದರೆ ಅಲ್ಟ್ರಾಸೌಂಡ್ ಸ್ಕ್ಯಾನನ್ನೂ ಮಾಡಿಸಬಹುದು. ವೈರಸ್ ಸೋಂಕಿನ ನಂತರದ ಕೀಲುನೋವು, ಸೋರಿಯಾಸಿಸ್ ಸಂಬಂಧಿ ಸಂಧಿವಾತ, ಲೂಪಸ್ (ರೋಗನಿರೋಧಕ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆ ದಾಳಿ ಮಾಡುವ ಕಾಯಿಲೆ) ಕೂಡ ಹೀಗೇ ಕಾಣಿಸುವುದರಿಂದ ಅವನ್ನೂ ಅವರು ಪರಿಶೀಲಿಸುತ್ತಾರೆ.

ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆಯೇ ಹೊರತು ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ನೋವು ಕಡಿಮೆಯಾಯಿತೆಂದು ತಿಂಗಳುಗಟ್ಟಲೆ ಕಾದು, ಬೆರಳು ಸೊಟ್ಟಗಾದ ಮೇಲೆ ಬರುವವರನ್ನು ನೋಡಿದಾಗ ಸಂಕಟವಾಗುತ್ತದೆ, ಏಕೆಂದರೆ ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಶುರುವಾದರೆ ಬಹಳಷ್ಟು ಮಂದಿಯಲ್ಲಿ ಕಾಯಿಲೆಯನ್ನು ಹತೋಟಿಯಲ್ಲಿಡಬಹುದು. ರೋಗ ಖಚಿತವಾದರೆ ಸಾಮಾನ್ಯವಾಗಿ ಮೊದಲು ಕೊಡುವ ಔಷಧ ಮೆಥೊಟ್ರೆಕ್ಸೇಟ್. ಅದನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಧಾರಣೆಯ ಆಲೋಚನೆಯಿದ್ದರೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಿ, ಆಗ ಅವರು ಬೇರೆ ಔಷಧವನ್ನು ಆರಿಸುತ್ತಾರೆ.